ಬೀಗ ಬಿದ್ದ ಫೋಲ್ಡರಿನ ಒಡೆತನ

ಫೋಲ್ಡರಿನ ಬೀಗ ಮನೆಗೆ ಬಂದದ್ದು ಕಚೇರಿಯಿಂದ. 1993ರ ವಿಂಡೋಸ್ ಎನ್‌ಟಿಯ ಎನ್‌ಟಿಎಫ್‌ಎಸ್ ಎಂಬ ಕಡತ ವ್ಯವಸ್ಥೆ ಪ್ರತಿ ಕಡತಕ್ಕೂ ಒಬ್ಬ ಒಡೆಯನನ್ನು ಗೊತ್ತುಮಾಡಿತು. 2001ರ ಎಕ್ಸ್‌ಪಿ ಆ ಏರ್ಪಾಟನ್ನು ಮನೆಮನೆಗೆ ತಂದಿತು. ಪೀಣ್ಯದ ಕಾರ್ಖಾನೆಯಾಗಲಿ, ಮಾದನಾಯಕನಹಳ್ಳಿಯ ಮನೆಯಾಗಲಿ, ತೊಡಕು ಒಂದೇ. ವಿಂಡೋಸ್ ಒಡೆಯನನ್ನು ಗುರುತಿಸುವುದು ಹೆಸರಿನಿಂದಲ್ಲ, ಖಾತೆ ತೆರೆದಾಗ ಹುಟ್ಟುವ ಉದ್ದನೆಯ ಸಂಖ್ಯೆಯಿಂದ. ವಿಂಡೋಸನ್ನು ಹೊಸದಾಗಿ ಹಾಕಿ ಅದೇ ಹೆಸರಿನ ಖಾತೆ ತೆರೆದರೂ ಸಂಖ್ಯೆ ಬೇರೆ. ಆಗ ಮಕ್ಕಳ ಫೋಟೊಗಳಿದ್ದ ಫೋಲ್ಡರು ಹೆತ್ತವರನ್ನೇ ಹೊರಗೆ ನಿಲ್ಲಿಸುತ್ತದೆ. ಎಕ್ಸ್‌ಪಿ ಹೋಮ್‌ನಲ್ಲಂತೂ ಅನುಮತಿ ಬದಲಿಸುವ ಸೆಕ್ಯುರಿಟಿ ಪುಟ ಕಾಣಲು ಸೇಫ್ ಮೋಡ್‌ಗೇ ಹೋಗಬೇಕಿತ್ತು, ಮನೆಮಂದಿಗೆ ಅದು ಅನ್ಯಾಯವೇ ಸರಿ. 2007ರ ವಿಸ್ತಾದಲ್ಲಿ ‘ಟೇಕ್‌ಓನ್’ ಆದೇಶ ಸಿಕ್ಕಿತು: ಅಡ್ಮಿನಿಸ್ಟ್ರೇಟರ್ ಮೊದಲು ಒಡೆತನ ಪಡೆದು, ಆಮೇಲೆ ಅನುಮತಿ ಬರೆದುಕೊಳ್ಳಬಹುದು. ನೆಟ್‌ವರ್ಕಿನಲ್ಲಿ ಹಂಚಿಕೆಯ ಅನುಮತಿ ಬೇರೆ, ಫೋಲ್ಡರಿನ ಅನುಮತಿ ಬೇರೆ. ಎರಡರಲ್ಲಿ ಬಿಗಿಯಾದದ್ದೇ ನಡೆಯುತ್ತದೆ. ಗೂಢಲಿಪಿಯಲ್ಲಿರುವ ಕಡತಕ್ಕೆ ಮಾತ್ರ ಒಡೆತನ ಸಾಲದು, ಹಳೆಯ ಕೀಲಿಯೇ ಬೇಕು.