ಚೆಸ್ ಮಣೆಯ ಪಕ್ಕಕ್ಕೆ ಗಡಿಯಾರ ಬಂದ ಕಥೆ

ಮೊಬೈಲಿನಲ್ಲಿ ಚೆಸ್ ಆಡುವ ಹುಡುಗರನ್ನು ಕೇಳಿ, "ತ್ರೀ ಪ್ಲಸ್ ಟೂ ಆಡ್ತೀವಿ" ಅಂತಾರೆ. ಅಂದರೆ ಇಡೀ ಆಟಕ್ಕೆ ಒಬ್ಬೊಬ್ಬರಿಗೆ 3 ನಿಮಿಷ, ಪ್ರತಿ ನಡೆಗೆ 2 ಸೆಕೆಂಡ್ ಜಮಾ. ಸಮಯ ಮುಗಿದರೆ, ಆನೆ ಕುದುರೆ ಎಷ್ಟೇ ಉಳಿದಿದ್ದರೂ ಸಾಮಾನ್ಯವಾಗಿ ಸೋತಂತೆಯೇ. ಹಳಬರಿಗೆ ಇದು ಹಿಡಿಸುವುದಿಲ್ಲ. "ಇದೇನು ಚದುರಂಗವೋ, ಓಟದ ಪಂದ್ಯವೋ" ಅಂತ ಗೊಣಗುತ್ತಾರೆ. ಅವರ ಗೊಣಗಾಟ ನಮಗೆ ಅರ್ಥವಾಗುತ್ತದೆ. ಆದರೆ ಗಡಿಯಾರ ಆಟಕ್ಕೆ ಬಂದದ್ದು ಅವಸರಕ್ಕಲ್ಲ, ನ್ಯಾಯಕ್ಕೆ.

ಆಟವನ್ನು ಚುರುಕು ಮಾಡುವ ಆಸೆ ಮಾತ್ರ ಬಹಳ ಹಳೆಯದು. ಹಿಂದೆ ಮಂತ್ರಿ ಓರೆಯಾಗಿ ಒಂದೇ ಮನೆ ನಡೆಯುತ್ತಿದ್ದ. ಯುರೋಪಿನವರು 15ನೇ ಶತಮಾನದ ಕೊನೆಯ ಹೊತ್ತಿಗೆ ಅವನಿಗೆ ಇಡೀ ಮಣೆಯನ್ನೇ ಬಿಟ್ಟುಕೊಟ್ಟರು. ಕಾಲಾಳಿಗೂ ಮೊದಲ ನಡೆಯಲ್ಲಿ ಎರಡು ಮನೆ ದಾಟುವ ಅವಕಾಶ ಅಲ್ಲಿತ್ತು. ನಮ್ಮ ದೇಶದ ಹಳೆ ಪದ್ಧತಿಯಲ್ಲಿ ಕಾಲಾಳು ಒಂದೊಂದೇ ಮನೆ. ಆ ಪದ್ಧತಿಯಲ್ಲಿ ಕಲಿತ ಪಂಜಾಬಿನ ಮೀರ್ ಸುಲ್ತಾನ್ ಖಾನ್ ಇಂಗ್ಲೆಂಡಿಗೆ ಹೋಗಿ, 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು.

ಈಗ ಗಡಿಯಾರಕ್ಕೆ ಬರೋಣ. 1851ರಲ್ಲಿ ಲಂಡನ್ನಿನಲ್ಲಿ ಮೊದಲ ಅಂತರರಾಷ್ಟ್ರೀಯ ಟೂರ್ನಿ ನಡೆಯಿತು. 16 ಆಟಗಾರರು, ಯಾರಿಗೂ ಸಮಯದ ಮಿತಿ ಇಲ್ಲ. ಗೆದ್ದವರು ಜರ್ಮನಿಯ ಆ್ಯಂಡರ್ಸನ್. ಟೂರ್ನಿ ಏರ್ಪಡಿಸಿದ ಹೋವರ್ಡ್ ಸ್ಟಾಂಟನ್ ಮೂರನೇ ಸ್ಥಾನದ ಪಂದ್ಯದಲ್ಲಿ ಎಲೈಜಾ ವಿಲಿಯಮ್ಸ್‌ಗೆ ಸೋತರು. ವಿಲಿಯಮ್ಸ್ ವಿಪರೀತ ನಿಧಾನ ಎಂದು ಆಮೇಲೆ ದೂರಿದರು. ಸೋತವರ ಮಾತು ಅಂತ ಬಿಡಬಹುದಿತ್ತು. ಆದರೆ ತೊಂದರೆ ನಿಜವಾದದ್ದೇ. ಎದುರಾಳಿಯನ್ನು ಕೂರಿಸಿ ಕೂರಿಸಿಯೇ ಸುಸ್ತು ಮಾಡಿದರೆ ಅದನ್ನು ಬುದ್ಧಿಯ ಗೆಲುವು ಅನ್ನಲಾದೀತೆ?

ಹತ್ತು ವರ್ಷದ ನಂತರ, 1861ರಲ್ಲಿ, ಆ್ಯಂಡರ್ಸನ್ ಮತ್ತು ಕೋಲಿಶ್ ಆಡುವಾಗ ಮಣೆಯ ಪಕ್ಕ ಮರಳು ಗಡಿಯಾರಗಳು ಬಂದವು. 2 ಗಂಟೆಯಲ್ಲಿ 24 ನಡೆ ಮುಗಿಸಬೇಕು. 1883ರ ಲಂಡನ್ ಟೂರ್ನಿಗೆ ಮ್ಯಾಂಚೆಸ್ಟರಿನ ಥಾಮಸ್ ಬ್ರೈಟ್ ವಿಲ್ಸನ್ ಹೊಸ ಯಂತ್ರ ಕೊಟ್ಟರು. ತಕ್ಕಡಿಯ ದಂಡಿಗೆಯಂಥ ಪಟ್ಟಿಯ ಎರಡು ತುದಿಗೆ ಎರಡು ಗಡಿಯಾರ. ಒಂದು ಕಡೆ ವಾಲಿಸಿದರೆ ಒಂದು ನಿಲ್ಲುತ್ತದೆ, ಇನ್ನೊಂದು ಓಡುತ್ತದೆ. ನಮ್ಮ ಸಂತೆಯ ತಕ್ಕಡಿಗೂ ಇದಕ್ಕೂ ಕೆಲಸ ಒಂದೇ: ಇಬ್ಬರಿಗೂ ಸಮ ತೂಕ.

ಸಮಯ ಸಮನಾದ ಮೇಲೆ ಅದನ್ನು ಕಡಿಮೆ ಮಾಡುವುದು ಸುಲಭ. 1970ರಲ್ಲಿ ಯುಗೊಸ್ಲಾವಿಯಾದ ಹೆರ್ಸೆಗ್ ನೋವಿಯಲ್ಲಿ ಒಬ್ಬರಿಗೆ 5 ನಿಮಿಷದ ಬ್ಲಿಟ್ಜ್ ಟೂರ್ನಿ ನಡೆಯಿತು. ತಾಲ್, ಪೆಟ್ರೋಸಿಯನ್, ಸ್ಮಿಸ್ಲೋವ್ ಎಂಬ ಮೂವರು ಮಾಜಿ ವಿಶ್ವ ಚಾಂಪಿಯನ್ನರು ಅಲ್ಲಿದ್ದರು. ಅಮೆರಿಕದ ಬಾಬಿ ಫಿಶರ್ 22ಕ್ಕೆ 19 ಅಂಕ ಗಳಿಸಿದರು. ಎರಡನೆಯ ತಾಲ್‌ಗೆ ಸಿಕ್ಕಿದ್ದು ಹದಿನಾಲ್ಕೂವರೆ! ಎರಡು ವರ್ಷದ ನಂತರ ಇದೇ ಫಿಶರ್ ನಿಧಾನದ ಆಟದಲ್ಲೂ ವಿಶ್ವ ಚಾಂಪಿಯನ್ ಆದರು. ಬೇಗ ಆಡುವವರಿಗೆ ಆಳ ಇರುವುದಿಲ್ಲ ಎನ್ನುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಆದರೂ ಒಂದು ಅನ್ಯಾಯ ಉಳಿದಿತ್ತು. ಗೆಲ್ಲುವ ಆಟವಿದ್ದರೂ ಕೊನೆಯ ಸೆಕೆಂಡುಗಳಲ್ಲಿ ಕೈ ಓಡದೆ ಸೋಲುವುದು. ಇದಕ್ಕೆ ಮದ್ದು ಹುಡುಕಿದವರೂ ಫಿಶರ್. ಪ್ರತಿ ನಡೆಗೆ ಒಂದಿಷ್ಟು ಸೆಕೆಂಡ್ ಸೇರಿಸುವ ಗಡಿಯಾರಕ್ಕೆ 1989ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. 1992ರಲ್ಲಿ ಸ್ಪಾಸ್ಕಿ ಜೊತೆ ಮತ್ತೆ ಆಡಿದಾಗ ಅದನ್ನೇ ಬಳಸಿದರು. ನಿಮ್ಮ ಫೋನಿನಲ್ಲಿ ಕಾಣುವ "ಪ್ಲಸ್ ಟೂ" ಅದರ ಮೊಮ್ಮಗು.

ನಿಧಾನದ ಆಟ ಸತ್ತಿಲ್ಲ. 2024ರಲ್ಲಿ ಗುಕೇಶ್ ವಿಶ್ವ ಚಾಂಪಿಯನ್ ಆದ ಪಂದ್ಯದಲ್ಲಿ ಮೊದಲ 40 ನಡೆಗೆ ಒಬ್ಬರಿಗೆ 2 ಗಂಟೆ ಇತ್ತು. ವೇಗದ ಆಟ ಹುಡುಗರದ್ದು ಮಾತ್ರ ಎನ್ನುವುದೂ ಸರಿಯಲ್ಲ: ವಿಶ್ವನಾಥನ್ ಆನಂದ್ 2017ರಲ್ಲಿ ರಿಯಾದ್‌ನಲ್ಲಿ ವಿಶ್ವ ರ‍್ಯಾಪಿಡ್ ಪಟ್ಟ ಗೆದ್ದಾಗ ಅವರಿಗೆ 48 ವರ್ಷ. ಆ ಟೂರ್ನಿಯಲ್ಲಿ ಅವರು ಕಾರ್ಲ್‌ಸನ್‌ರನ್ನೂ ಸೋಲಿಸಿದ್ದರು. ಅಲ್ಲಿನ ಲೆಕ್ಕ 15 ನಿಮಿಷ, ನಡೆಗೆ 10 ಸೆಕೆಂಡ್.

ಮರದ ಮಣೆಯಲ್ಲಿ ಆಡುವವರು ಶುರು ಮಾಡಲು ಈ ಲೆಕ್ಕವೇ ವಾಸಿ. ಚೆಸ್ ಕ್ಲಾಕ್ ಆ್ಯಪ್ ಪುಕ್ಕಟೆ ಸಿಗುತ್ತದೆ. ಫೋನನ್ನು ಮಣೆಯ ಪಕ್ಕ ಮಲಗಿಸಿ. ಕಾಯಿ ನಡೆಸಿದ ಕೈಯಲ್ಲೇ ಗುಂಡಿ ಒತ್ತಬೇಕು, ಇನ್ನೊಂದು ಕೈ ತರುವ ಹಾಗಿಲ್ಲ.