ಗಡಿ ದಾಟಿಸಿದ ಮಾರಿ

ನಮ್ಮ ಅಜ್ಜನ ಮನೆಯ ಕೊಟ್ಟಿಗೆಯಲ್ಲಿ ಹನ್ನೆರಡು ಗೂಟಗಳಿದ್ದವು. ನನಗೆ ಬುದ್ಧಿ ತಿಳಿದಂದಿನಿಂದ ದನ ಕಟ್ಟುತ್ತಿದ್ದುದು ಐದಕ್ಕೆ ಮಾತ್ರ. ಉಳಿದವು ಏಕೆ ಬರಿದಾಗಿವೆ ಎಂದು ಒಮ್ಮೆ ಅಜ್ಜಿಯನ್ನು ಕೇಳಿದೆ. 'ದೊಡ್ಡರೋಗ ಬಂದ ವರ್ಷ ಬರಿದಾದವು, ಮಗೂ' ಎಂದಳು. ಆ ವರ್ಷ ಊರಿನವರೆಲ್ಲ ಸೇರಿ ಮಾರಿಯನ್ನು ಪೂಜಿಸಿ, ತಮಟೆಯ ಸದ್ದಿನೊಡನೆ ಕೊಂಡೊಯ್ದು, ಗಡಿ ದಾಟಿಸಿ ಬಂದರಂತೆ. 'ಗಡಿಯಾಚೆಯ ಊರಿನವರು ಏನು ಮಾಡಿದರು?' ಎಂದೆ. 'ಅವರು ತಮ್ಮ ಗಡಿ ದಾಟಿಸಿದರು' ಎಂದು ಅಜ್ಜಿ ದೀಪ ಹಚ್ಚಲು ಎದ್ದಳು. ಬಹುಕಾಲದ ಮೇಲೆ ಈ ರೋಗದ ಚರಿತ್ರೆಯನ್ನು ಓದತೊಡಗಿದಾಗ, ಆಕೆಯ ಆ ಒಂದು ಮಾತಿನಲ್ಲಿ ಅದರ ಬಹುಭಾಗ ಅಡಗಿತ್ತೆಂಬುದು ನನಗೆ ಹೊಳೆಯಿತು.

ದೊಡ್ಡರೋಗವೆಂದು ನಮ್ಮ ರೈತರು ಕರೆದದ್ದನ್ನೇ ಪಶುವೈದ್ಯರು ರಿಂಡರ್‌ಪೆಸ್ಟ್ ಎನ್ನುತ್ತಿದ್ದರು. ಮನುಷ್ಯರ ದಡಾರಕ್ಕೆ ಕಾರಣವಾದ ವೈರಸ್ಸಿನ ಹತ್ತಿರದ ಬಂಧುವೊಂದು ಈ ರೋಗದ ಮೂಲ. ಮೊದಲು ಜ್ವರ, ಬಳಿಕ ಕಣ್ಣು ಮೂಗುಗಳಿಂದ ಸೋರಿಕೆ, ಬಾಯಲ್ಲಿ ಹುಣ್ಣು, ಕೊನೆಗೆ ರಕ್ತ ಬೆರೆತ ಭೇದಿ. ವಾರ ಹತ್ತು ದಿನಗಳಲ್ಲಿ ಮರಣ. ಉಳುವ ಎತ್ತು ಸತ್ತರೆ ಹೊಲ ಬೀಳು, ಕರೆಯುವ ಎಮ್ಮೆ ಸತ್ತರೆ ಮಕ್ಕಳಿಗೆ ಹಾಲಿಲ್ಲ. ದನದ ರೋಗವೆಂದು ಹೆಸರಾದರೂ ಅದರ ಪೆಟ್ಟು ಬೀಳುತ್ತಿದ್ದುದು ಮನುಷ್ಯನ ಹೊಟ್ಟೆಯ ಮೇಲೆ.

ಮಾರಿಯನ್ನು ಗಡಿ ದಾಟಿಸುವ ಪದ್ಧತಿ ನಮ್ಮ ಹಳ್ಳಿಗಳಿಗಷ್ಟೇ ಸೀಮಿತವೆಂದು ಯಾರೂ ನಗಬೇಕಾಗಿಲ್ಲ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಈ ರೋಗ ಇಟಲಿಯನ್ನು ಮುತ್ತಿದಾಗ, ಪೋಪ್ ಅವರ ವೈದ್ಯ ಲ್ಯಾನ್ಸಿಸಿ ಸೂಚಿಸಿದ ಉಪಾಯವೂ ಗಡಿಯದೇ: ರೋಗಿ ಹಸುಗಳನ್ನು ಕೊಂದು ಹೂಳುವುದು, ದನಗಳ ಸಂಚಾರವನ್ನು ತಡೆಯುವುದು. ಫ್ರಾನ್ಸಿನ ಲಿಯಾನ್ ನಗರದಲ್ಲಿ 1762ರಲ್ಲಿ ಪ್ರಪಂಚದ ಮೊದಲ ಪಶುವೈದ್ಯ ಶಾಲೆ ತೆರೆಯಲು ಈ ಹಾವಳಿಯೇ ಒಂದು ಮುಖ್ಯ ಕಾರಣ. ಆದರೆ ಹಡಗು, ಸೈನ್ಯ, ರೈಲುಗಳು ಬೆಳೆದಂತೆ ಗಡಿಗಳು ಸೋತವು. 1880ರ ದಶಕದ ಕೊನೆಗೆ ಇಟಲಿಯ ಸೈನ್ಯಕ್ಕಾಗಿ ತಂದ ದನಗಳೊಡನೆ ರೋಗ ಆಫ್ರಿಕದ ಪೂರ್ವ ತೀರದಲ್ಲಿ ಇಳಿಯಿತು. ಹತ್ತು ವರ್ಷದೊಳಗೆ ಖಂಡದ ದಕ್ಷಿಣ ತುದಿಯನ್ನು ಮುಟ್ಟಿತು. ಎತ್ತುಗಳಿಲ್ಲದೆ ಉಳುಮೆ ನಿಂತ ಇಥಿಯೋಪಿಯದಲ್ಲಿ ಭೀಕರ ಕ್ಷಾಮ ತಲೆದೋರಿತು. 1920ರಲ್ಲಿ ಭಾರತದಿಂದ ಬ್ರೆಜಿಲ್ಲಿಗೆ ಹೊರಟಿದ್ದ ದನಗಳು ಬೆಲ್ಜಿಯಮ್ಮಿನ ಆಂಟ್‌ವರ್ಪ್ ಬಂದರಿನಲ್ಲಿ ತಂಗಿದಾಗ ರೋಗ ಅಲ್ಲಿಯೂ ಹಬ್ಬಿತು. ಅದರಿಂದ ಬೆದರಿದ ರಾಷ್ಟ್ರಗಳು 1924ರಲ್ಲಿ ಪ್ಯಾರಿಸ್ಸಿನಲ್ಲಿ ಪಶುರೋಗಗಳ ಅಂತರರಾಷ್ಟ್ರೀಯ ಸಂಸ್ಥೆಯೊಂದನ್ನು ಕಟ್ಟಿದವು. ಮಾರಿಯನ್ನು ಗಡಿಯಾಚೆ ನೂಕಿದರೆ ಸಾಲದೆಂಬ ಅರಿವಿನ ಮೊದಲ ಕುರುಹು ಅದು.

ಭಾರತದ ಸಮಸ್ಯೆ ಇನ್ನೂ ಜಟಿಲವಾಗಿತ್ತು. ಯೂರೋಪಿನಂತೆ ರೋಗಿ ಹಸುವನ್ನು ಕೊಲ್ಲುವ ಮಾತನ್ನು ಇಲ್ಲಿ ಆಡುವಂತಿರಲಿಲ್ಲ. ದನಗಳ ಸಂಚಾರವನ್ನು ತಡೆಯೋಣವೆಂದರೆ ಜಾತ್ರೆಗಳು, ಸಂತೆಗಳು, ಬೇಸಗೆಯ ವಲಸೆಗಳು. ಉಳಿದ ದಾರಿ ಒಂದೇ: ದನದ ಮೈಯೊಳಗೇ ಗಡಿಯೊಂದನ್ನು ಕಟ್ಟುವುದು. ಇದಕ್ಕಾಗಿ 1889ರಲ್ಲಿ ಪುಣೆಯಲ್ಲಿ ಹುಟ್ಟಿದ ಪ್ರಯೋಗಾಲಯವನ್ನು, ರೋಗಾಣು ಊರುಗಳಿಗೆ ತಪ್ಪಿಸಿಕೊಂಡು ಹೋಗದಿರಲೆಂದು, 1893ರಲ್ಲಿ ಕುಮಾವೂ ಬೆಟ್ಟಗಳ ಮುಕ್ತೇಶ್ವರಕ್ಕೆ ಸಾಗಿಸಿದರು. 1897ರಲ್ಲಿ ರಾಬರ್ಟ್ ಕಾಖ್ ಕೂಡ ಆ ಕಾಡಿನ ನೆತ್ತಿಗೆ ಬಂದು ಹೋದರು. ಎರಡೇ ವರ್ಷಗಳಲ್ಲಿ ಅಲ್ಲಿ ಸೀರಂ ತಯಾರಾಗತೊಡಗಿತು. ಬೆಂಗಳೂರಿನ ಹೆಬ್ಬಾಳದಲ್ಲಿ 1925ರಲ್ಲಿ ಮೈಸೂರು ಸೀರಂ ಸಂಸ್ಥೆ ಆರಂಭವಾದದ್ದೂ ಈ ರೋಗವನ್ನು ತಡೆಯುವ ಸಲುವಾಗಿಯೇ. ಆದರೆ ಸೀರಂ ಕೊಡುವ ರಕ್ಷಣೆ ಅಲ್ಪಕಾಲದ್ದು. ಅದರೊಡನೆ ರೋಗಿಯ ರಕ್ತವನ್ನೂ ಚುಚ್ಚಿದರೆ ರಕ್ಷಣೆ ದೀರ್ಘವಾಗುತ್ತಿತ್ತು, ಅಪಾಯವೂ ಜೊತೆಗೂಡುತ್ತಿತ್ತು.

ತಿರುವು ಬಂದದ್ದು ಆಡಿನ ಮೂಲಕ. 1920ರ ದಶಕದಲ್ಲಿ ಮುಕ್ತೇಶ್ವರದಲ್ಲಿದ್ದ ಎಡ್ವರ್ಡ್ಸ್ ಎಂಬ ವಿಜ್ಞಾನಿ ರೋಗಾಣುವನ್ನು ಒಂದು ಆಡಿನಿಂದ ಮತ್ತೊಂದಕ್ಕೆ, ಅದರಿಂದ ಮಗುದೊಂದಕ್ಕೆ ದಾಟಿಸುತ್ತ ಹೋದರು. ಹೀಗೆ ನೂರಾರು ಬಾರಿ ದಾಟಿದ ರೋಗಾಣು ಆಡಿಗೆ ಒಗ್ಗಿಕೊಂಡು, ದನವನ್ನು ಕೊಲ್ಲುವ ಕಸುವನ್ನು ಬಹುಮಟ್ಟಿಗೆ ಕಳೆದುಕೊಂಡಿತು. ದನದ ಮೈಯಲ್ಲಿ ರೋಗನಿರೋಧ ಹುಟ್ಟಿಸುವ ಗುಣವನ್ನು ಮಾತ್ರ ಉಳಿಸಿಕೊಂಡಿತು. ಮಾರಿಯನ್ನು ಊರಿಂದೂರಿಗೆ ದಾಟಿಸುತ್ತಿದ್ದ ನಮ್ಮ ಹಿರಿಯರಿಗೆ ಈ ಕ್ರಮ ವಿಚಿತ್ರವೆನಿಸುತ್ತಿರಲಿಲ್ಲವೇನೋ! ಆಡಿನ ಗುಲ್ಮದಿಂದ ಮಾಡಿದ ಈ ಅಗ್ಗದ ಲಸಿಕೆಯನ್ನು ನೆಚ್ಚಿಯೇ ಸ್ವತಂತ್ರ ಭಾರತ 1954ರಲ್ಲಿ ರೋಗನಿರ್ಮೂಲನದ ರಾಷ್ಟ್ರೀಯ ಕಾರ್ಯಕ್ರಮವನ್ನು ಕೈಗೊಂಡಿತು. ಕೆಲವು ತಳಿಗಳಿಗೆ ಅದು ಕಟುವಾಗಿತ್ತು. 1960ರ ಸುಮಾರಿಗೆ ಕೀನ್ಯಾದಲ್ಲಿ ವಾಲ್ಟರ್ ಪ್ಲೋರೈಟ್ ಜೀವಕೋಶಗಳಲ್ಲಿ ಬೆಳೆಸಿದ ಲಸಿಕೆ ಆ ಕೊರತೆಯನ್ನು ನೀಗಿತು. ಎಲ್ಲ ತಳಿಗಳಿಗೂ ಕ್ಷೇಮಕರ, ರೋಗಾಣುವಿನ ಎಲ್ಲ ಬಗೆಗಳಿಗೂ ಒಂದೇ ಮದ್ದು. ಬದುಕಿ ಉಳಿದ ದನ ರೋಗವನ್ನು ಒಳಗಿಟ್ಟುಕೊಂಡು ಹರಡುವುದೂ ಇಲ್ಲ. ಎಂದಮೇಲೆ ಸರಪಳಿ ಒಮ್ಮೆ ಕಡಿದರೆ ಕಡಿದಂತೆಯೇ.

ಭಾರತದಲ್ಲಿ ಕೊನೆಯ ಪ್ರಕರಣಗಳು ಕಂಡದ್ದು 1995ರಲ್ಲಿ. ಆದರೆ ರೋಗ ನಿಜವಾಗಿ ಹೋಯಿತೆಂದು ತಿಳಿಯುವುದು ಹೇಗೆ? ಲಸಿಕೆಯನ್ನು ನಿಲ್ಲಿಸಿಯೇ ತಿಳಿಯಬೇಕು. ನೂರು ವರ್ಷ ಹೋರಾಡಿ ಪಡೆದ ಕವಚವನ್ನು ಕಳಚಿಟ್ಟು, ಹಳ್ಳಿಹಳ್ಳಿಗಳಲ್ಲಿ ದನಗಳ ರಕ್ತ ಪರೀಕ್ಷಿಸುತ್ತ ಕಾಯಬೇಕು. ಈ ಚರಿತ್ರೆಯಲ್ಲಿ ಅತ್ಯಂತ ಧೈರ್ಯದ ಕೆಲಸ ಇದೇ ಎಂದು ನನಗೆ ತೋರುತ್ತದೆ. 2006ರಲ್ಲಿ ಭಾರತ ಈ ಸೋಂಕಿನಿಂದ ಮುಕ್ತವೆಂಬ ಮನ್ನಣೆ ಪಡೆಯಿತು. 2011ರಲ್ಲಿ ಇಡೀ ಜಗತ್ತೇ ಮುಕ್ತವೆಂದು ಸಾರಲಾಯಿತು. ಸಿಡುಬಿನ ಬಳಿಕ ಮನುಷ್ಯ ಭೂಮಿಯಿಂದ ಅಳಿಸಿದ ಎರಡನೆಯ ರೋಗ ಇದು.

ಅಂದು ಯಾವ ಊರಿನಲ್ಲೂ ತಮಟೆ ಬಾರಿಸಿದ್ದನ್ನು ನಾನು ಕೇಳಲಿಲ್ಲ. ಸೂಜಿ ಹಿಡಿದು ಕೊಟ್ಟಿಗೆಯಿಂದ ಕೊಟ್ಟಿಗೆಗೆ ನಡೆದವರ ಹೆಸರು ನಮಗೆ ತಿಳಿಯದು. ಪ್ರಯೋಗಶಾಲೆಗಳಲ್ಲಿ ಪ್ರಾಣ ತೆತ್ತ ಆಡು, ಹೋರಿಗಳ ಋಣವನ್ನಂತೂ ಎಣಿಸಿದವರಿಲ್ಲ. ಪಶುಗಳ ಕ್ಷೇಮ ಪಶುಗಳ ನೋವಿನಿಂದಲೇ ದೊರೆಯಿತೆಂಬುದನ್ನು ಮರೆಯುವುದು ನ್ಯಾಯವಲ್ಲ.

ಅಜ್ಜಿ ಈಗಿಲ್ಲ, ಆ ಕೊಟ್ಟಿಗೆಯೂ ಇಲ್ಲ. ಇದ್ದಿದ್ದರೆ ಆಕೆಗೆ ಒಂದು ಮಾತು ಹೇಳಬಹುದಾಗಿತ್ತು: ಮಾರಿಯನ್ನು ಕೊನೆಯ ಗಡಿಯನ್ನೂ ದಾಟಿಸಿ ಬಂದಿದ್ದಾರೆ ಅಜ್ಜಿ, ಆಚೆಗೆ ಯಾವ ಊರೂ ಇಲ್ಲ.