ಸತ್ತ ಅರ್ಧದ ಪಾತ್ರ

ಬಿಎಸ್ಸಿ ತರಗತಿಗಳಿಗೆ ಪ್ರಾಣಿಶಾಸ್ತ್ರ ಹೇಳಿಕೊಡುವ ನನಗೆ ಗೈಡುಗಳ ಒಂದು ತೀರ್ಪು ಸೇರುವುದಿಲ್ಲ: ರೂ ತಪ್ಪು, ಡ್ರೀಶ್ ಸರಿ. ಅಷ್ಟು ಬರೆದರೆ ಅಂಕ ಬರುತ್ತದೆ, ನಡೆದದ್ದೇನೆಂದು ಮಾತ್ರ ಗೊತ್ತಾಗುವುದಿಲ್ಲ.

ಅಂದಿನ ಪ್ರಶ್ನೆ ಇದು: ಮೊಟ್ಟೆ ಮೊದಲ ಸಲ ಸೀಳಿ ಎರಡು ಕೋಶಗಳಾದಾಗಲೇ ದೇಹದ ಭಾಗಗಳು ಪಾಲಾಗಿಬಿಡುತ್ತವೆಯೇ? ಕೋಶ ಒಡೆದಂತೆಲ್ಲ ಆನುವಂಶಿಕ ದ್ರವ್ಯ ಹಂಚಿಹೋಗುತ್ತದೆ ಎಂದು ಆಗಸ್ಟ್ ವೈಸ್ಮನ್ ವಾದಿಸಿದ್ದರು. ಭ್ರೂಣಗಳನ್ನು ನೋಡುವುದು, ಚಿತ್ರ ಬರೆಯುವುದು, ಒಂದು ಪ್ರಾಣಿಯ ಭ್ರೂಣವನ್ನು ಇನ್ನೊಂದರದಕ್ಕೆ ಹೋಲಿಸುವುದು, ಬಹುಪಾಲು ವಿದ್ವಾಂಸರ ಕೆಲಸ ಇಷ್ಟೇ ಆಗಿದ್ದ ಕಾಲ ಅದು. ಎಷ್ಟು ನೋಡಿದರೂ ಈ ಪ್ರಶ್ನೆ ಬಗೆಹರಿಯುವಂತಿರಲಿಲ್ಲ. ಮೊಟ್ಟೆಗೇ ಕೈಹಾಕಬೇಕಿತ್ತು.

ವಿಲ್ಹೆಲ್ಮ್ ರೂ ಕೈಹಾಕಿದರು. ಎರಡು ಕೋಶಗಳ ಹಂತದಲ್ಲಿದ್ದ ಕಪ್ಪೆಯ ಭ್ರೂಣದಲ್ಲಿ ಒಂದು ಕೋಶವನ್ನು ಕಾಯಿಸಿದ ಸೂಜಿಯಿಂದ ಚುಚ್ಚಿ ಕೊಂದರು. ಉಳಿದ ಕೋಶ ಅರ್ಧ ಭ್ರೂಣವಾಗಿ ಬೆಳೆಯಿತು. 1888ರಲ್ಲಿ ಪ್ರಕಟವಾದ ಈ ಫಲಿತಾಂಶ ವೈಸ್ಮನ್ ವಾದಕ್ಕೆ ಬೆಂಬಲವಾಯಿತು.

1891ರಲ್ಲಿ ಹಾನ್ಸ್ ಡ್ರೀಶ್ ಟ್ರಿಯೆಸ್ಟೆಯಲ್ಲಿ ಅದೇ ಪ್ರಶ್ನೆಯನ್ನು ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲಜೀವಿಗೆ ಹಾಕಿದರು. ಅವರು ಕೋಶವನ್ನು ಕೊಲ್ಲಲಿಲ್ಲ. ಸಮುದ್ರದ ನೀರಿನಲ್ಲಿ ಭ್ರೂಣಗಳನ್ನು ಜೋರಾಗಿ ಕುಲುಕಿ ಎರಡು ಕೋಶಗಳನ್ನು ಬೇರ್ಪಡಿಸಿದರು. ಸಂಜೆ ನೋಡಿದಾಗ ಬಿಡಿ ಕೋಶಗಳು ಒಡೆದು, ಬಾಯ್ದೆರೆದ ಬಟ್ಟಲಿನಂತೆ ಅರ್ಧಗೋಳಗಳಾಗಿದ್ದವು. ರೂ ಹೇಳಿದ್ದೇ ನಿಜವಾಗುತ್ತಿದೆ ಎನ್ನಿಸುವ ನೋಟ. ಬೆಳಗಾಗುವಷ್ಟರಲ್ಲಿ ಬಟ್ಟಲಿನ ಬಾಯಿ ಮುಚ್ಚಿತ್ತು. ಮುಂದೆ ಅವುಗಳಿಂದ ಗಾತ್ರದಲ್ಲಿ ಚಿಕ್ಕದಾದರೂ ಯಾವ ಅಂಗವೂ ಕೊರೆಯಾಗದ ಮರಿಗಳು ಬಂದವು.

ಹಾಗಾದರೆ ಕಪ್ಪೆಗೊಂದು ನಿಯಮ, ಸೀ ಅರ್ಚಿನ್‌ಗೊಂದು ನಿಯಮವೇ? ಎರಡು ಪ್ರಯೋಗಗಳ ನಡುವೆ ಪ್ರಾಣಿಯೂ ಬೇರೆ, ವಿಧಾನವೂ ಬೇರೆ. ವ್ಯತ್ಯಾಸಕ್ಕೆ ಕಾರಣ ಯಾವುದೆಂದು ಹೇಳಲು ಒಂದನ್ನು ಹಾಗೇ ಇಟ್ಟುಕೊಂಡು ಇನ್ನೊಂದನ್ನು ಬದಲಿಸಬೇಕು. 1910ರಲ್ಲಿ ಮೆಕ್‌ಕ್ಲೆಂಡನ್ ಮಾಡಿದ್ದು ಅದನ್ನೇ. ಪ್ರಾಣಿ ಕಪ್ಪೆಯೇ, ಹಂತವೂ ಎರಡು ಕೋಶಗಳದ್ದೇ. ಆದರೆ ಒಂದು ಕೋಶವನ್ನು ಚುಚ್ಚಿ ಬಿಡುವ ಬದಲು ಪಿಪೆಟ್ಟಿನಿಂದ ಹೀರಿ ತೆಗೆದರು. ಉಳಿದ ಕೋಶದಿಂದ ಪೂರ್ಣ ಭ್ರೂಣ ಬೆಳೆಯಿತು.

ರೂ ಅವರ ಪ್ರಯೋಗದಲ್ಲಿ ಸತ್ತ ಕೋಶ ಪಕ್ಕದಲ್ಲೇ ಅಂಟಿಕೊಂಡಿತ್ತು. ಬದುಕಿದ ಕೋಶ ಒಂಟಿಯಾಗಲೇ ಇಲ್ಲ. ಜೋಡಿಯ ಒಂದು ಭಾಗವಾಗಿಯೇ ಬೆಳೆಯಿತು. ಅವರು ಕಂಡ ಅರ್ಧ ಭ್ರೂಣ ಸುಳ್ಳಲ್ಲ, ಅದರಿಂದ ತೆಗೆದ ತೀರ್ಮಾನ ನಿಲ್ಲಲಿಲ್ಲ. ಆದರೂ ನನ್ನ ಲೆಕ್ಕದಲ್ಲಿ ರೂ ಅವರಿಗೇ ಹೆಚ್ಚು ಅಂಕ. ವಾದವನ್ನು ಸೋಲಬಲ್ಲ ರೂಪಕ್ಕೆ ತಂದು, ಬೇರೆಯವರೂ ಮಾಡಿ ನೋಡಬಹುದಾದ ವಿಧಾನದೊಂದಿಗೆ ಮುಂದಿಟ್ಟವರು ಅವರು. ಡ್ರೀಶ್ ಮುಂದೆ ಪ್ರಯೋಗಶಾಲೆ ಬಿಟ್ಟು, ಜೀವಕ್ಕೆ ಭೌತಿಕವಲ್ಲದ ಚಾಲಕಶಕ್ತಿಯೊಂದಿದೆ ಎನ್ನುತ್ತ ತತ್ವಶಾಸ್ತ್ರದ ಕಡೆ ಹೋದರು. ಆ ಶಕ್ತಿಯನ್ನು ಚುಚ್ಚಿ ನೋಡುವ ಸೂಜಿ ಯಾರ ಬಳಿಯೂ ಇರಲಿಲ್ಲ.